ಹೆರಿಗೆ ವಾರ್ಡಿನ ಮಾಡು ಯಾಕಿಷ್ಟು ಎತ್ತರ?

ಮಂಗಳೂರು, ಉಡುಪಿ ಕಡೆಯ ಹಳೆಯ ಆಸ್ಪತ್ರೆ ಕಟ್ಟಡ ಎಂದರೆ ಕಣ್ಣಿಗೆ ಕಟ್ಟುವ ರೂಪ ಹೆಚ್ಚುಕಡಿಮೆ ಒಂದೇ. ಉದ್ದಕ್ಕೆ ಚಾಚಿಕೊಂಡ ವಾರ್ಡು, ಮೇಲೆ ಎತ್ತರದ ಹಂಚಿನ ಮಾಡು, ಎರಡೂ ಬದಿಗೆ ಆಳೆತ್ತರದ ಕಿಟಕಿಗಳು, ಹೊರಗೆ ಅಗಲ ಜಗಲಿ. ಇನ್ನೊಂದು ವಾರ್ಡು ಬೇಕಾದರೆ ಇದಕ್ಕೆ ತಾಗಿಸದೆ, ನಡುವೆ ಅಂಗಳ ಬಿಟ್ಟು ಬೇರೆಯೇ ಕಟ್ಟಡ. ಯಾಕೆ ಹೀಗೆ ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಸೆಕೆಗೆ.

ಇದು ಅರ್ಧ ಉತ್ತರ. ಸೆಕೆಯ ಗಂಧವೇ ಇಲ್ಲದ ಪ್ಯಾರಿಸ್ಸಿನಲ್ಲಿ, ಚಳಿಗೆ ಕಿಟಕಿ ಮುಚ್ಚಿಕೊಂಡು ಕೂರುವ ಲಂಡನ್ನಿನಲ್ಲಿ ಇದೇ ನಕ್ಷೆಯ ಆಸ್ಪತ್ರೆಗಳು ನಮಗಿಂತ ಮೊದಲೇ ಎದ್ದಿದ್ದವು. ಅಲ್ಲಿ ಅವನ್ನು ಕಟ್ಟಿದ್ದು ಸಾವನ್ನು ತಡೆಯಲು. ಆ ಕಟ್ಟಡಗಳ ಬಗ್ಗೆ ನಡೆದ ಚರ್ಚೆಯಲ್ಲಿ ಅತ್ಯಂತ ಕಾವೇರಿದ್ದು ಹೆರಿಗೆ ಆಸ್ಪತ್ರೆಯ ವಿಷಯದಲ್ಲಿ. ಸ್ವಾರಸ್ಯವೆಂದರೆ, ಆ ನಕ್ಷೆಯ ಹಿಂದಿದ್ದ ವೈದ್ಯಶಾಸ್ತ್ರ ಬಹುಪಾಲು ತಪ್ಪು. ನಕ್ಷೆ ಮಾತ್ರ ಅಷ್ಟು ತಪ್ಪಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹೆರಿಗೆಗೆ ಆಸ್ಪತ್ರೆ ಸೇರುವುದೆಂದರೆ ಜೀವ ಒತ್ತೆಯಿಟ್ಟಂತೆ. ಲಿಯೋನ್ ಲ ಫೋರ್ ಎಂಬ ಫ್ರೆಂಚ್ ಶಸ್ತ್ರವೈದ್ಯ 1866ರಲ್ಲಿ ಹಲವು ದೇಶಗಳ ಲೆಕ್ಕ ಒಟ್ಟುಗೂಡಿಸಿದ. ಆಸ್ಪತ್ರೆಗಳಲ್ಲಿ ಆದ 8,88,312 ಹೆರಿಗೆಗಳಲ್ಲಿ 30,394 ತಾಯಂದಿರು ತೀರಿಕೊಂಡಿದ್ದರು. ಮನೆಯಲ್ಲಾದ 9,34,781 ಹೆರಿಗೆಗಳಲ್ಲಿ ಸತ್ತವರು 4,405. ಅಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 34, ಮನೆಯಲ್ಲಿ ಸಾವಿರಕ್ಕೆ ಐದೂ ಇಲ್ಲ. ಕಷ್ಟದ ಹೆರಿಗೆಗಳು ಮಾತ್ರ ಆಸ್ಪತ್ರೆಗೆ ಬರುತ್ತಿದ್ದವು, ಹಾಗಾಗಿ ಸಾವು ಹೆಚ್ಚು ಎಂದು ವಾದಿಸಬಹುದಿತ್ತು. ಆದರೆ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡವರು, ಮದುವೆಯಾಗದೆ ಬಸುರಾದವರು, ಹೆರಲು ತಮ್ಮದೆನ್ನುವ ಒಂದು ಮೂಲೆ ಇಲ್ಲದವರು. ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರುವ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣಿಗೆ ತನ್ನದೇ ತರವಾಡು (ಕುಟುಂಬದ ಮೂಲ) ಮನೆ ಇದ್ದ ನಮ್ಮ ಕರಾವಳಿಯವರಿಗೆ ಆ ಅನಾಥ ಸ್ಥಿತಿಯನ್ನು ಊಹಿಸುವುದು ಸ್ವಲ್ಪ ಕಷ್ಟ.

ಕೊಲ್ಲುತ್ತಿದ್ದ ಕಾಯಿಲೆ ಬಾಣಂತಿ ನಂಜು. ಹೆರಿಗೆಯ ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶದ ಒಳಗೆ ಅಂಗೈಯಗಲದ ಹಸಿ ಗಾಯ ಉಳಿಯುತ್ತದೆ. ಅಲ್ಲಿಗೆ ರೋಗಾಣು ಸೇರಿದರೆ ಕೆಲವೇ ದಿನಗಳಲ್ಲಿ ನಡುಕ, ಜ್ವರ, ಮುಟ್ಟಲಾಗದಷ್ಟು ಹೊಟ್ಟೆನೋವು, ನಂಜು ರಕ್ತಕ್ಕೆ ಏರಿ ಸಾವು. ಇವತ್ತು ನಮಗಿದು ಗೊತ್ತು. ಆಗಿನ ಹೆಚ್ಚಿನ ವೈದ್ಯರು ನಂಬಿದ್ದು ಕೆಟ್ಟ ಗಾಳಿಯನ್ನು. ಕೊಳೆತದ್ದರಿಂದ, ಗಾಯದಿಂದ, ಕಿಕ್ಕಿರಿದ ಜನರ ಉಸಿರಿನಿಂದ ಒಂದು ವಿಷಗಾಳಿ ಏಳುತ್ತದೆ, ಅದು ಕೋಣೆಯಲ್ಲಿ ಮಡುಗಟ್ಟಿ ನಿಂತರೆ ರೋಗ ಎಂಬುದು ಅವರ ಲೆಕ್ಕ. ರೋಗ ಗಾಳಿಯಲ್ಲಿದೆ ಎಂದಾದರೆ ಗಾಳಿಯನ್ನು ಆಚೆಗೆ ಸಾಗಿಸುವ ಕಟ್ಟಡವೇ ಮದ್ದು. ಹೀಗೆ ವಾಸ್ತುಶಿಲ್ಪಿ ಅರ್ಧ ವೈದ್ಯನಾದ. ಒಂದು ಹಾಸಿಗೆಗೆ ಎಷ್ಟು ಘನ ಅಡಿ ಗಾಳಿ ಬೇಕು ಎಂದು ಗಂಭೀರ ಚರ್ಚೆಗಳಾದವು. 1,500 ಘನ ಅಡಿ ಎಂಬ ಅಂಕಿ ಆ ಕಾಲದ ಬರಹಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗದ ಮೇಲೆ ಹದಿನೈದು ಅಡಿ ಎತ್ತರದ ಮುಚ್ಚಿಗೆ ಎಂದು ಅದನ್ನು ಕಲ್ಪಿಸಿಕೊಂಡರೆ ಹಳೆಯ ವಾರ್ಡುಗಳ ಎತ್ತರ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಈ ಯೋಚನೆಯಿಂದ ಹುಟ್ಟಿದ್ದು ಪೆವಿಲಿಯನ್ ಮಾದರಿ. ದೊಡ್ಡದೊಂದು ಅರಮನೆಯಂಥ ಕಟ್ಟಡದೊಳಗೆ ನೂರಾರು ರೋಗಿಗಳನ್ನು ತುಂಬುವ ಬದಲು ಸಪೂರ ಕಟ್ಟಡಗಳನ್ನು ಬಿಡಿಬಿಡಿಯಾಗಿ ಕಟ್ಟುವುದು, ಎದುರುಬದುರು ಕಿಟಕಿ ಇಡುವುದು, ಒಂದರ ಗಾಳಿ ಇನ್ನೊಂದಕ್ಕೆ ಹೋಗದಂತೆ ನಡುವೆ ಬಯಲು ಬಿಡುವುದು. ಪ್ಯಾರಿಸ್ಸಿನಲ್ಲಿ 1854ರಲ್ಲಿ ತೆರೆದ ಲಾರಿಬೋಸಿಯೇರ್ ಆಸ್ಪತ್ರೆ ಇದಕ್ಕೆ ಹೆಸರಾಯಿತು. ಕ್ರಿಮಿಯಾ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ ಇದರ ಪರವಾಗಿ ಪಟ್ಟು ಹಿಡಿದು ನಿಂತ ಮೇಲೆ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಆಸ್ಪತ್ರೆ ಎಂದರೆ ಇದೇ ರೂಪ ಎಂಬಂತಾಯಿತು.

ಆದರೆ ಕೆಟ್ಟ ಗಾಳಿಯ ವಾದ ಸುಳ್ಳೆಂದು ತೋರಿಸಬಲ್ಲ ಒಂದು ಕಟ್ಟಡ ಅಷ್ಟರಲ್ಲಾಗಲೇ ವಿಯೆನ್ನಾದಲ್ಲಿತ್ತು. ಯಾರೂ ಯೋಜಿಸದೆ ತನ್ನಷ್ಟಕ್ಕೆ ಆದ ಪ್ರಯೋಗ ಅದು.

ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯನ್ನು ತೆರೆದದ್ದು 1784ರಲ್ಲಿ, ಎರಡನೆಯ ಜೋಸೆಫ್ ಚಕ್ರವರ್ತಿಯ ಕಾಲದಲ್ಲಿ. ಅದರ ಹೆರಿಗೆ ವಿಭಾಗಕ್ಕೆ ಹೆಸರು ಹೇಳದೆಯೂ ಬಸುರಿಯರು ಬಂದು ಸೇರಬಹುದಿತ್ತು. ಮುಂದೆ ಆ ವಿಭಾಗ ಎರಡು ಭಾಗವಾಯಿತು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ, ಎರಡನೆಯದರಲ್ಲಿ ಸೂಲಗಿತ್ತಿಯರಿಗೆ. ಎರಡೂ ಅಕ್ಕಪಕ್ಕ. ಊರು ಒಂದೇ, ಹವೆ ಒಂದೇ, ಬರುವ ಹೆಂಗಸರೂ ಒಂದೇ ವರ್ಗದವರು. ದಿನ ಬಿಟ್ಟು ದಿನ ಸರದಿಯ ಮೇಲೆ ಭರ್ತಿ ಮಾಡುತ್ತಿದ್ದುದರಿಂದ ಯಾರು ಎಲ್ಲಿಗೆ ಎಂಬುದನ್ನು ನಿರ್ಧರಿಸುತ್ತಿದ್ದುದು ಬಂದು ಸೇರಿದ ದಿನ ಮಾತ್ರ. ಆದರೂ 1840ರ ದಶಕದಲ್ಲಿ ವಿದ್ಯಾರ್ಥಿಗಳ ವಾರ್ಡಿನಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಸಾಯುತ್ತಿದ್ದರೆ, ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಸುಮಾರು ನಾಲ್ಕು. ಊರ ಹೆಂಗಸರಿಗೆ ಇದು ಗೊತ್ತಿತ್ತು. ಒಂದನೆಯ ವಾರ್ಡು ಬೇಡವೆಂದು ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಆಮೇಲೆ ಒಳಗೆ ಬಂದವರಿಗೆ ನಂಜು ಬರುವುದು ಅಪರೂಪವಾಗಿತ್ತು.

1846ರಲ್ಲಿ ಅಲ್ಲಿಗೆ ಸಹಾಯಕ ವೈದ್ಯನಾಗಿ ಬಂದ ಇಗ್ನಾಜ್ ಸೆಮ್ಮೆಲ್‌ವೈಸ್ ಕಾರಣಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದ. ಜನಸಂದಣಿಯೇ? ಎರಡನೆಯ ವಾರ್ಡಿನಲ್ಲೇ ಹೆಚ್ಚು ಜನ. ಹೆರುವಾಗ ಮಲಗುವ ಭಂಗಿಯೇ? ಬದಲಿಸಿ ನೋಡಿದ, ಉಪಯೋಗವಾಗಲಿಲ್ಲ. ಇನ್ನೊಂದು ಕಾರಣವಂತೂ ಕಟ್ಟಡದ ನಕ್ಷೆಗೇ ಸಂಬಂಧಪಟ್ಟದ್ದು. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡಲು ಬರುವ ಪಾದ್ರಿ, ಒಂದನೆಯ ವಿಭಾಗದಲ್ಲಿ ಇಡೀ ವಾರ್ಡುಗಳ ನಡುವಿನಿಂದಲೇ ಗಂಟೆ ಬಾರಿಸಿಕೊಂಡು ರೋಗಿಗಳ ಕೋಣೆಗೆ ಹೋಗಬೇಕಿತ್ತು. ಎರಡನೆಯದರಲ್ಲಿ ಆ ಕೋಣೆಗೆ ನೇರ ದಾರಿಯಿತ್ತು. ಗಂಟೆಯ ಸದ್ದು ಕೇಳಿ ಬಾಣಂತಿಯರು ಹೆದರಿ ಜ್ವರ ಹಿಡಿಯುತ್ತದೆಯೇ? ಪಾದ್ರಿಯನ್ನು ಒಪ್ಪಿಸಿ ಗಂಟೆ ನಿಲ್ಲಿಸಿ, ಸುತ್ತುದಾರಿಯಲ್ಲಿ ಕಳಿಸಿದ. ಸಾವು ತಗ್ಗಲಿಲ್ಲ.

1847ರ ಮಾರ್ಚಿನಲ್ಲಿ ಅವನ ಸ್ನೇಹಿತ, ಪ್ರೊಫೆಸರ್ ಕೊಲೆಚ್ಕಾ, ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚೂರಿ ತಾಗಿ ನಂಜಾಗಿ ತೀರಿಕೊಂಡ. ಅವನ ದೇಹದೊಳಗೆ ಕಂಡದ್ದು ಬಾಣಂತಿಯರ ದೇಹದಲ್ಲಿ ಕಾಣುತ್ತಿದ್ದುದೇ. ಆಗ ಹೊಳೆಯಿತು. ವಿದ್ಯಾರ್ಥಿಗಳು ಬೆಳಿಗ್ಗೆ ಹೆಣ ಕೊಯ್ದು, ಅದೇ ಕೈಯಲ್ಲಿ ಬಂದು ಹೆರುವವರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವಿರಲಿಲ್ಲ. ಮೇ ತಿಂಗಳ ನಡುವಿನಿಂದ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಯಲೇಬೇಕೆಂದು ಕಟ್ಟಳೆ ಮಾಡಿದ. ಮಳೆಗಾಲ ಕಳೆದ ಮೇಲೆ ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ ಜಾತಿಯದು. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಸಾವು ಜೂನಿನಲ್ಲಿ ಎರಡರ ಆಸುಪಾಸಿಗೆ ಇಳಿಯಿತು, ಜುಲೈಯಲ್ಲಿ ಇನ್ನೂ ಕಡಿಮೆ. ಗೋಡೆಯ ಒಂದು ಕಲ್ಲನ್ನೂ ಅಲುಗಿಸಿರಲಿಲ್ಲ.

ಇಷ್ಟಾದರೂ ಜಗತ್ತು ಅವನನ್ನು ನಂಬಲಿಲ್ಲ. ನಿಮ್ಮ ಕೈಯೇ ಕೊಲೆ ಮಾಡುತ್ತಿದೆ ಎಂದರೆ ಯಾವ ವೈದ್ಯನಿಗೆ ರುಚಿಸೀತು? ಅವನೂ ಸಂಧಾನದ ಮನುಷ್ಯನಲ್ಲ; ಒಪ್ಪದವರನ್ನು ಕೊಲೆಗಾರರೆಂದೇ ಕರೆದ. 1865ರಲ್ಲಿ, 47ನೆಯ ವಯಸ್ಸಿನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡ. ಯುರೋಪು ಗಾಳಿಯನ್ನೇ ಹಿಡಿದುಕೊಂಡು ಕಟ್ಟಡ ಕಟ್ಟುತ್ತ ಹೋಯಿತು.

ಹಾಗಾದರೆ ಆ ಕಟ್ಟಡಗಳೆಲ್ಲ ವ್ಯರ್ಥವೇ? ಸೆಮ್ಮೆಲ್‌ವೈಸನ ಕತೆಯನ್ನು ಮಾತ್ರ ಓದಿದವರು ಹೌದು ಎಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಡಬ್ಲಿನ್ನಿನ ರೋಟಂಡಾ ಹೆರಿಗೆ ಆಸ್ಪತ್ರೆಯ ಕಟ್ಟಡ 1757ರದ್ದು. ಅಲ್ಲಿ ಮುಖ್ಯಸ್ಥನಾಗಿದ್ದ ರಾಬರ್ಟ್ ಕಾಲಿನ್ಸ್ 1829ರಲ್ಲಿ, ವಿಯೆನ್ನಾಕ್ಕೂ ಮೊದಲೇ, ವಾರ್ಡುಗಳನ್ನು ಸರದಿಯಲ್ಲಿ ಖಾಲಿ ಮಾಡಿಸಿ, ಬಾಗಿಲು ಕಿಟಕಿ ಮುಚ್ಚಿ ಕ್ಲೋರಿನ್ ಅನಿಲ ತುಂಬಿಸಿ, ನೆಲಕ್ಕೂ ಮರಕ್ಕೂ ಕ್ಲೋರಿನ್ ಸುಣ್ಣ ಮೆತ್ತಿಸಿ, ಗೋಡೆಗೆ ಸುಣ್ಣ ಬಳಿಸಿದ. ಅವನ ಅವಧಿ ಮುಗಿಯುವ ತನಕ ಬಾಣಂತಿ ನಂಜು ಅಲ್ಲಿ ಹತ್ತಿರ ಸುಳಿಯಲಿಲ್ಲ. ಗಾಳಿ ಶುದ್ಧವಾಯಿತು ಎಂದು ಅವನು ತಿಳಿದ. ಶುದ್ಧವಾದದ್ದು ಹಾಸಿಗೆ, ನೆಲ, ಬಾಗಿಲ ಹಿಡಿಕೆ.

ನೈಟಿಂಗೇಲ್‌ಗೂ ಇದೇ ನಂಜಿನಿಂದ ಪೆಟ್ಟು ಬಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ ಅವಳ ಹೆಸರಿನ ನಿಧಿಯಿಂದ ಸೂಲಗಿತ್ತಿಯರ ತರಬೇತಿಗೆಂದು ನಡೆಯುತ್ತಿದ್ದ ಹೆರಿಗೆ ವಾರ್ಡನ್ನು ನಂಜಿನ ಸಾವುಗಳಿಂದಾಗಿ 1867ರಲ್ಲಿ ಮುಚ್ಚಬೇಕಾಯಿತು. ಅವಳು ಸುಮ್ಮನೆ ಕೂರಲಿಲ್ಲ. ಲೆಕ್ಕಗಳನ್ನು ತರಿಸಿ, ಹೋಲಿಸಿ, ಹೆರಿಗೆ ಸಂಸ್ಥೆಗಳ ಬಗ್ಗೆಯೇ 1871ರಲ್ಲಿ ಒಂದು ಪುಸ್ತಕ ತಂದಳು. ಅದನ್ನು ಅರ್ಪಿಸಿದ್ದು ಸಾಕ್ರಟೀಸನ ತಾಯಿಯ ನೆನಪಿಗೆ, ಆಕೆ ಸೂಲಗಿತ್ತಿಯಾಗಿದ್ದಳು. ಅವಳ ತರ್ಕದ ಹೆಜ್ಜೆ ಬಹಳ ಮುಖ್ಯ. ಹೆರುವುದು ರೋಗವಲ್ಲ, ಹೆರುವವಳು ರೋಗಿಯಲ್ಲ. ಹಾಗಿರುವಾಗ ರೋಗಿಗಳ ಆಸ್ಪತ್ರೆಯ ನಕ್ಷೆ ಅವಳಿಗೆ ಯಾಕೆ? ಸಾಮಾನ್ಯ ವಾರ್ಡಿನಲ್ಲಿ ಮೂವತ್ತು ಹಾಸಿಗೆಯನ್ನು ಒಪ್ಪಿಕೊಂಡಿದ್ದ ನೈಟಿಂಗೇಲ್, ಬಾಣಂತಿಯರಿಗೆ ಒಂದೇ ಹಾಸಿಗೆಯ ಕೋಣೆ, ಇಲ್ಲವೇ ನಾಲ್ಕು ಹಾಸಿಗೆಯ ಸಣ್ಣ ವಾರ್ಡು ಸಾಕೆಂದಳು. ಹೆರಿಗೆಯ ಕೋಣೆ ಬೇರೆ, ಬಾಣಂತನದ ಕೋಣೆ ಬೇರೆ. ಸರದಿಯಲ್ಲಿ ಒಂದೊಂದನ್ನು ಖಾಲಿ ಬಿಟ್ಟು ತೊಳೆದು ಒಣಗಿಸಬೇಕು. ಆಸ್ಪತ್ರೆ ಎಷ್ಟು ಸಾಧ್ಯವೋ ಅಷ್ಟು ಮನೆಯಂತಿರಬೇಕು.

ಇಲ್ಲಿ ನನಗೆ ನಮ್ಮೂರಿನ ಅಮೆಯ, ಅಂದರೆ ಹೆರಿಗೆಯ ಸೂತಕದ, ಕಟ್ಟುಪಾಡು ನೆನಪಾಗುತ್ತದೆ. ಹೆತ್ತವಳನ್ನು ಬೇರೆ ಕೋಣೆಯಲ್ಲಿಡುವುದು, ಕಂಡವರೆಲ್ಲ ಮುಟ್ಟದಿರುವುದು, ನೋಡಿಕೊಳ್ಳಲು ಒಬ್ಬಿಬ್ಬರು ಮಾತ್ರ. ಹಿರಿಯರಿಗೆ ರೋಗಾಣು ಗೊತ್ತಿತ್ತು ಎಂದು ಎದೆಯುಬ್ಬಿಸುವ ಅಗತ್ಯ ಇಲ್ಲ. ಅಲ್ಲಿದ್ದದ್ದು ಮೈಲಿಗೆಯ ಲೆಕ್ಕ. ಅದೇ ಕೋಣೆ ಬೆಳಕಿಲ್ಲದೆ ಹೊಗೆ ತುಂಬಿಕೊಂಡು ಬಾಣಂತಿಯನ್ನು ಕಂಗೆಡಿಸುತ್ತಿದ್ದುದೂ ನಿಜ. ಆದರೆ ತಪ್ಪು ಕಾರಣಕ್ಕೆ ಸರಿ ಕೆಲಸ ಮಾಡುವುದರಲ್ಲಿ ವಿಕ್ಟೋರಿಯಾ ಕಾಲದ ಲಂಡನ್ನಿಗೂ ತುಳುನಾಡಿನ ಮನೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಹೆರಿಗೆಗೆಂದೇ ಯೋಚಿಸಿ ಮಾಡಿದ ಕಟ್ಟಡಗಳಲ್ಲಿ ನನಗೆ ಅತ್ಯಂತ ಜಾಣತನದ್ದು ಅನ್ನಿಸುವುದು ಪ್ಯಾರಿಸ್ಸಿನ ತಾರ್ನಿಯೇ ಪೆವಿಲಿಯನ್. ಅಲ್ಲಿನ ದೊಡ್ಡ ಹೆರಿಗೆ ಆಸ್ಪತ್ರೆ ಇದ್ದದ್ದು ಪೋರ್-ರೊಯಾಲ್ ಎಂಬ ಹಳೆಯ ಕ್ರೈಸ್ತ ಮಠದ ಕಟ್ಟಡಗಳಲ್ಲಿ. ಸ್ತೆಫಾನ್ ತಾರ್ನಿಯೇ ಅಲ್ಲಿ ಕಲಿಯುವ ವೈದ್ಯನಾಗಿದ್ದಾಗಲೇ, 1856ರಲ್ಲಿ, ಆಸ್ಪತ್ರೆಯ ಒಳಗಿನ ಸಾವನ್ನು ಅದೇ ನೆರೆಕರೆಯ ಮನೆಗಳ ಸಾವಿನೊಡನೆ ಹೋಲಿಸಿ ಬೆಚ್ಚಿಬಿದ್ದಿದ್ದ. ರೋಗ ಒಬ್ಬಳಿಂದ ಒಬ್ಬಳಿಗೆ ದಾಟುತ್ತಿದೆ ಎಂಬುದು ಅವನ ತೀರ್ಮಾನ. ಮುಂದೆ ಅಧಿಕಾರ ಕೈಗೆ ಬಂದಾಗ, 1876ರಲ್ಲಿ, ಆ ತೀರ್ಮಾನವನ್ನೇ ಕಟ್ಟಿಸಿದ.

ಎರಡಂತಸ್ತಿನ ಸಣ್ಣ ಕಟ್ಟಡ. ಕೋಣೆಗೊಬ್ಬಳೇ ಬಾಣಂತಿ. ಪ್ರತಿ ಕೋಣೆಯ ಬಾಗಿಲು ಹೊರಗಿನ ಬಯಲಿಗೆ ತೆರೆಯುತ್ತದೆ. ಪಕ್ಕದ ಕೋಣೆಗೆ ಒಳಗಿನಿಂದ ದಾರಿಯೇ ಇಲ್ಲ. ಒಬ್ಬಳ ಬಳಿಯಿಂದ ಇನ್ನೊಬ್ಬಳ ಬಳಿಗೆ ಹೋಗಬೇಕಾದ ದಾದಿ ಮಳೆಯಿರಲಿ ಹಿಮವಿರಲಿ ಹೊರಗೆ ಬಂದೇ ಹೋಗಬೇಕು. ಗೋಡೆ, ನೆಲ ನೀರು ಹೀರದಂಥವು, ನೀರು ಹೊಯ್ದು ತೊಳೆಯಬಹುದು. ಮೂಲೆಗಳನ್ನು ಚೂಪಾಗಿ ಬಿಡದೆ ಉರುಟು ಮಾಡಿದ್ದರು, ಕೊಳೆ ಕೂರಬಾರದೆಂದು. ನರ್ಸಿಗೆ ಇದು ಕಿರಿಕಿರಿ, ಕಟ್ಟುವವನಿಗೆ ದುಬಾರಿ. ಆದರೆ ನೋಡಿ, ಇಲ್ಲಿ ಗಾಳಿಯಷ್ಟೇ ಮುಖ್ಯವಾದದ್ದು ಕೈಗಳ ಓಡಾಟ. ಪೆವಿಲಿಯನ್ ಮಾದರಿ ಗಾಳಿಗೆ ದಾರಿ ಮಾಡಿಕೊಟ್ಟರೆ, ತಾರ್ನಿಯೇ ಮನುಷ್ಯರ ದಾರಿಯನ್ನೇ ಕಡಿದ. ಕಟ್ಟಡವೊಂದು ಕೈತೊಳೆಯುವ ನಿಯಮಕ್ಕೆ ಹತ್ತಿರ ಬರಬಹುದಾದಷ್ಟು ಹತ್ತಿರ ಇದು ಬಂದಿತ್ತು. ಸಾವಿನ ಪ್ರಮಾಣವೂ ಹಳೆಯ ಕಟ್ಟಡಕ್ಕಿಂತ ಬಹಳ ಕೆಳಗಿಳಿಯಿತು.

ಮೂರೇ ವರ್ಷದಲ್ಲಿ, 1879ರ ಮಾರ್ಚಿನಲ್ಲಿ, ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯ ಸಭೆಯಲ್ಲಿ ಲೂಯಿ ಪಾಸ್ಚರ್ ಭಾಷಣಕಾರನನ್ನು ಅರ್ಧಕ್ಕೆ ತಡೆದು, ಬೋರ್ಡಿನ ಮೇಲೆ ಮಣಿಸರದಂಥ ಒಂದು ಚಿತ್ರ ಬಿಡಿಸಿ ಬಾಣಂತಿಯರನ್ನು ಕೊಲ್ಲುವುದು ಇದು ಎಂದ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು. ಆಮೇಲಿನದು ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲ, ಕುದಿಸಿದ ಉಪಕರಣ, ತೊಳೆದ ಕೈಗಳ ಕಾಲ. ಲಂಡನ್ನಿನ ಯಾರ್ಕ್ ರಸ್ತೆಯಲ್ಲಿ 1828ರಲ್ಲಿ ಕಟ್ಟಿದ್ದ ಹೆರಿಗೆ ಆಸ್ಪತ್ರೆ ನಂಜಿನಿಂದಾಗಿ ಕೆಲಕಾಲ ಮುಚ್ಚಿ, ದುರಸ್ತಿಯಾಗಿ, ಆ ಆಮ್ಲವನ್ನು ಶಸ್ತ್ರಚಿಕಿತ್ಸೆಗೆ ತಂದ ಜೋಸೆಫ್ ಲಿಸ್ಟರನ ಸಲಹೆಯಲ್ಲಿ ಮತ್ತೆ ತೆರೆದು ಮಾದರಿ ಎನಿಸಿತು.

ಇನ್ನು ನಮ್ಮ ಕಡೆಗೆ ಬರೋಣ. 1799ರಿಂದ ಮಂಗಳೂರು ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಕೆನರಾ ಜಿಲ್ಲೆ ಒಡೆದು ದಕ್ಷಿಣ ಕನ್ನಡ ಬೇರೆಯಾದ ಮೇಲೂ ನಮಗೆ ರಾಜಧಾನಿ ಮದ್ರಾಸೇ. ವೆನ್‌ಲಾಕ್, ಲೇಡಿ ಗೋಶನ್ ಎಂದು ನಾವು ದಿನನಿತ್ಯ ಹೇಳುವ ಆಸ್ಪತ್ರೆಗಳ ಹೆಸರೇ ಅದಕ್ಕೆ ಸಾಕ್ಷಿ. ಒಂದು 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದವನದು, ಇನ್ನೊಂದು 1920ರ ದಶಕದ ಗವರ್ನರನ ಹೆಂಡತಿಯದು. ಹೆರಿಗೆ ಆಸ್ಪತ್ರೆಯ ಕಲ್ಪನೆಯೂ ಅಲ್ಲಿಂದಲೇ ಬಂತು. ಮದ್ರಾಸಿನಲ್ಲಿ ಹೆರಿಗೆ ಆಸ್ಪತ್ರೆ ಶುರುವಾದದ್ದು 1844ರಲ್ಲಿ. 1882ರಲ್ಲಿ ಅದು ಎಗ್ಮೋರಿಗೆ ಹೋಯಿತು.

ನಕ್ಷೆ ಪರದೇಶದ್ದಾದರೂ ಕರಾವಳಿಯಲ್ಲಿ ಅದಕ್ಕೆ ಮೈ ಕೊಟ್ಟದ್ದು ಇಲ್ಲಿನ ಮಣ್ಣು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಎದುರುಬದುರು ಕಿಟಕಿ ತೆರೆದಿಟ್ಟರೆ ಆಷಾಢದಲ್ಲಿ ಹಾಸಿಗೆಯೆಲ್ಲ ಚಂಡಿ. ಅದಕ್ಕೇ ಅಗಲ ಜಗಲಿ, ಕೆಳಕ್ಕಿಳಿದ ಮಾಡಿನಂಚು. ಎರಚಲು ಜಗಲಿಯಲ್ಲೇ ನಿಲ್ಲುತ್ತದೆ, ಗಾಳಿ ಒಳಗೆ ಬರುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ದೊಡ್ಡ ಕಟ್ಟಡಕ್ಕೆ ಎತ್ತರದ ಮಾಡು ಹಾಕುವುದು ಸುಲಭವಾಯಿತು. ಒಂದಕ್ಕೊಂದು ಕಚ್ಚಿ ಕೂರುವ ಹಂಚು ನೀರನ್ನು ಹೊರಗಿಡುತ್ತದೆ, ಸಂದುಗಳಿಂದ ಗಾಳಿಯನ್ನು ಬಿಡುತ್ತದೆ. ಉಸಿರಿನಿಂದ, ಮೈಯಿಂದ ಬಿಸಿಯಾದ ಗಾಳಿ ಹಗುರಾಗಿ ಮೇಲೇರಿ ಪಕ್ಕಾಸು ರೀಪುಗಳ ಎಡೆಯಿಂದ ಹೊರಗೆ ಹೋದರೆ, ಆ ಜಾಗಕ್ಕೆ ಕಿಟಕಿಯಿಂದ ತಂಪು ಗಾಳಿ ಬಂದೇ ಬರುತ್ತದೆ. ಯುರೋಪಿನ ಎಂಜಿನಿಯರುಗಳು ಕೊಳವೆ, ಚಿಮಣಿ ಇಟ್ಟು ಮಾಡಿಸಬೇಕಾದ ಕೆಲಸವನ್ನು ಇಲ್ಲಿ ಹಂಚು ಮಾಡುತ್ತಿತ್ತು. ಮುರಕಲ್ಲಿನ ಗೋಡೆ ಮಾತ್ರ ತೊಂದರೆಯದು. ಮೈತುಂಬ ತೂತುಗಳಿರುವ ಕಲ್ಲು, ತೊಳೆದು ಚೊಕ್ಕ ಮಾಡುವಂಥದ್ದಲ್ಲ. ಗಾರೆ ಮಾಡಿ ಮಳೆಗಾಲ ಕಳೆದ ಮೇಲೆ ಸುಣ್ಣ ಬಳಿಯುವ ರೂಢಿ ಇಲ್ಲಿ ಉಪಕಾರಕ್ಕೆ ಬಂತು. ಹಸಿ ಸುಣ್ಣದ ಖಾರಕ್ಕೆ ಹೆಚ್ಚಿನ ರೋಗಾಣುಗಳು ಉಳಿಯುವುದಿಲ್ಲ. ಕಾಲಿನ್ಸ್ ಡಬ್ಲಿನ್ನಿನಲ್ಲಿ ಮಾಡಿಸಿದ್ದೂ ಅದನ್ನೇ. ಮುಚ್ಚಿಗೆ ಇಲ್ಲದ ಹಂಚಿನ ಮಾಡಿನಿಂದ ದೂಳು, ಬಾವಲಿ ಹಿಕ್ಕೆ ಉದುರುವುದೂ ಇತ್ತು ಎಂಬುದನ್ನು ಹಳೆಯದನ್ನೆಲ್ಲ ಕೊಂಡಾಡುವವರು ಮರೆಯುತ್ತಾರೆ.

ಆದರೆ ಯುರೋಪಿಗೆ ಇಲ್ಲದ ಒಂದು ತೊಡಕು ಇಲ್ಲಿತ್ತು. ಅಲ್ಲಿ ಬಡ ಹೆಂಗಸರು ಬೇರೆ ಗತಿಯಿಲ್ಲದೆ ಆಸ್ಪತ್ರೆಗೆ ಬಂದು ಸಾಯುತ್ತಿದ್ದರು. ಇಲ್ಲಿ ಹೆರಿಗೆ ಕಷ್ಟವಾದರೂ ಹೆಂಗಸರು ಆಸ್ಪತ್ರೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಗಂಡು ಡಾಕ್ಟರು ಮುಟ್ಟುವುದುಂಟೇ? ಬೇರೆ ಜಾತಿಯವರ ಕೈಯ ಊಟವೇ? 1875ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜು ಹೆಂಗಸರನ್ನು ಸೇರಿಸಿಕೊಂಡಿತು. ಆ ಮೊದಲ ತಂಡದಲ್ಲಿದ್ದ ಮೇರಿ ಶಾರ್ಲೀಬ್ ಮುಂದೆ 1885ರಲ್ಲಿ ಶುರುವಾದ ಆಸ್ಪತ್ರೆಯ ಹಿಂದಿನ ಶಕ್ತಿ. ಅದರ ಹೆಸರೇ ಜಾತಿಸ್ಥ ಮತ್ತು ಗೋಷಾ (ಪರದೆಯ ಮರೆಯಲ್ಲಿರುವ) ಹೆಂಗಸರ ವಿಕ್ಟೋರಿಯಾ ಆಸ್ಪತ್ರೆ ಎಂದು. ಈಗ ಅದು ಕಸ್ತೂರ್ಬಾ ಗಾಂಧಿ ಹೆಸರಿನಲ್ಲಿದೆ. ಅದೇ ವರ್ಷ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿಯೂ ಹುಟ್ಟಿತು. ಮರುವರ್ಷ ಮುಂಬಯಿಯಲ್ಲಿ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು, ಹೆಂಗಸರಿಗಾಗಿ, ಹೆಂಗಸರೇ ಡಾಕ್ಟರುಗಳಾಗಿ. ಇಂಥ ಕಡೆ ಗಾಳಿಯಷ್ಟೇ ಮರೆಗೂ ಬೆಲೆ ಕೊಡಬೇಕಾಯಿತು. ಅಗಲ ಕಿಟಕಿ ಬೇಕು, ಹೊರಗಿನವರ ಕಣ್ಣು ಬೀಳಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದು ನಕ್ಷೆ ಮಾಡುವವನಿಗೆ ದೊಡ್ಡ ತಲೆನೋವು.

ಉಡುಪಿಯಲ್ಲಿ 1923ರಲ್ಲಿ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಹೆಂಗಸರು ಮಕ್ಕಳಿಗೆಂದು ಮಿಶನ್ ಆಸ್ಪತ್ರೆ ಶುರುಮಾಡುವಾಗ ಗಾಳಿಯ ಜಗಳ ಹಳತಾಗಿತ್ತು, ಕೈ ತೊಳೆಯಬೇಕೆಂಬುದಕ್ಕೆ ಎರಡು ಮಾತಿರಲಿಲ್ಲ. ಉಳಿದಿದ್ದದ್ದು ಹೊಸ್ತಿಲಿನ ಪ್ರಶ್ನೆ. ಒಳಗೆ ಡಾಕ್ಟರಮ್ಮ ಇದ್ದಾರೆ ಎಂಬ ಒಂದು ಮಾತು ಅದಕ್ಕೆ ಯಾವ ನಕ್ಷೆಗಿಂತಲೂ ದೊಡ್ಡ ಉತ್ತರ. ಇವತ್ತಿಗೂ ಅದು ಊರವರ ಬಾಯಲ್ಲಿ ಮಿಶನ್ ಆಸ್ಪತ್ರೆ, ಹೆಸರು ಲೊಂಬಾರ್ಡ್ ಸ್ಮಾರಕ.

1935ರ ಹೊತ್ತಿಗೆ ಸಲ್ಫಾ ಮಾತ್ರೆ ಬಂತು. ಸ್ಟ್ರೆಪ್ಟೊಕಾಕಸ್ಸಿಗೆ ಮೊದಲ ಬಾರಿ ಒಳಗಿನಿಂದ ಕೊಡುವ ಮದ್ದು ಸಿಕ್ಕಿತು. ಲಂಡನ್ನಿನ ಕ್ವೀನ್ ಶಾರ್ಲೆಟ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರುಕ್ ಅದನ್ನು ಬಾಣಂತಿಯರಿಗೆ ಕೊಟ್ಟು ತೋರಿಸಿದ ಮೇಲೆ ನಂಜಿನ ಸಾವು ಸರಸರನೆ ಇಳಿಯಿತು. ಹಿಂದಿನಿಂದ ಪೆನಿಸಿಲಿನ್ ಬಂತು. ಮದ್ದು ಸಿಕ್ಕಿದ ಮೇಲೆ ಕಟ್ಟಡದಿಂದ ಯಾರೂ ಅಷ್ಟನ್ನು ಕೇಳಲಿಲ್ಲ. ಲಿಫ್ಟು, ಒಂದರ ಮೇಲೊಂದು ಮಹಡಿ, ನಡುವೆ ಬೆಳಕು ಕಾಣದ ಕಾರಿಡಾರು ಬಂದವು.

ಹಳೆಯ ವಾರ್ಡುಗಳು ಉಳಿದಿರುವಲ್ಲಿಯೂ ಜಾಗ ಸಾಲದೆಂದು ಜಗಲಿಗೆ ಅಲ್ಯೂಮಿನಿಯಂ ಚೌಕಟ್ಟು, ಗಾಜು ಹಾಕಿ ಅದನ್ನೇ ಇನ್ನೊಂದು ಕೋಣೆ ಮಾಡಿಕೊಳ್ಳುವುದು ಈಗ ಸಾಮಾನ್ಯ. ನೋಡಲು ಸಣ್ಣ ಬದಲಾವಣೆ. ಆದರೆ ಆ ನಕ್ಷೆ ನಿಂತಿರುವುದೇ ಎದುರುಬದುರು ಕಿಟಕಿಯ ಮೇಲೆ. ಒಂದು ಬದಿ ಮುಚ್ಚಿದ ಮೇಲೆ ಆ ವಾರ್ಡಿನಲ್ಲಿ ಎಷ್ಟು ಫ್ಯಾನು ಹಾಕಿದರೂ ತಿರುಗುವುದು ಅದೇ ಗಾಳಿ.